ಎನ್‌ಎಫ್‌ಎಲ್ ಚಾಂಪಿಯನ್‌ಗಳ ಲೆಕ್ಕ: ಕ್ವಿಜ್ ಪ್ರಶ್ನೆ ಬರೆಯುವವರಿಗೆ

ಮಂಗಳೂರು, ಉಡುಪಿ, ಮಣಿಪಾಲದ ಕಾಲೇಜು ಫೆಸ್ಟ್‌ನ ಕ್ವಿಜ್‌ಗೆ ಅಮೆರಿಕನ್ ಫುಟ್‌ಬಾಲ್ (ಅದರ ಮುಖ್ಯ ಲೀಗ್ ಎನ್‌ಎಫ್‌ಎಲ್) ಮೇಲೆ ಒಂದು ಪ್ರಶ್ನೆ ಇಡೋಣ ಎಂದುಕೊಂಡವರು ಮೊದಲು ಬರೆಯುವುದು ಇದನ್ನೇ: ಅತಿ ಹೆಚ್ಚು ಸಲ ಚಾಂಪಿಯನ್ ಆದ ತಂಡ ಯಾವುದು? ಒಬ್ಬರು ಗ್ರೀನ್ ಬೇ ಪ್ಯಾಕರ್ಸ್ ಎನ್ನುತ್ತಾರೆ, ಇನ್ನೊಬ್ಬರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಮತ್ತೊಬ್ಬರು ಪಿಟ್ಸ್‌ಬರ್ಗ್ ಸ್ಟೀಲರ್ಸ್. ಯಾರ ಉತ್ತರವನ್ನೂ ತಳ್ಳಿಹಾಕಲಾಗುವುದಿಲ್ಲ, ಏಕೆಂದರೆ ಎಲ್ಲಿಂದ ಎಣಿಸಬೇಕೆಂದು ಪ್ರಶ್ನೆ ಹೇಳಿಲ್ಲ. ಕಂಬಳದಲ್ಲಿ ಹಗ್ಗ ಹಿರಿಯವೋ ನೇಗಿಲು ಕಿರಿಯವೋ ಎಂದು ಹೇಳದೆ ಯಾವ ಜೋಡಿ ಮೊದಲು ಎಂದು ಕೇಳಿದ ಹಾಗೆ.

ಆದ್ದರಿಂದ ಪ್ರಶ್ನೆಗಿಂತ ಮೊದಲು ಪಟ್ಟಿ ಮಾಡಿ. ಒಂದು ಚಾರ್ಟ್ ಪೇಪರಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಸೀಸನ್, ತಂಡ, ಆಗಿನ ಊರು, ಹೇಗೆ ಗೆದ್ದದ್ದು. ಮೊದಲ ಸಾಲು 1920. ಎರಡು ಕಡೆ ಅಡ್ಡಗೆರೆ ಹಾಕಿ: 1932ರ ಕೆಳಗೊಂದು, 1965ರ ಕೆಳಗೊಂದು. ಗಲಿಬಿಲಿಯೆಲ್ಲ ಈ ಎರಡು ಗೆರೆಗಳ ಆಸುಪಾಸಿನಲ್ಲೇ ಇದೆ.

ಮೊದಲ ಗೆರೆಯ ಮೇಲಿನ ಕಾಲದಲ್ಲಿ ಫೈನಲ್ ಎಂಬುದೇ ಇರಲಿಲ್ಲ. ಸೀಸನ್ ಮುಗಿದಾಗ ಗೆಲುವಿನ ಶೇಕಡಾವಾರು ನೋಡಿ ಚಾಂಪಿಯನ್ ಹೆಸರಿಸುತ್ತಿದ್ದರು, ಡ್ರಾ ಆದ ಪಂದ್ಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಇದರ ಪರಿಣಾಮ 1932ರಲ್ಲಿ ಚೆನ್ನಾಗಿ ಕಾಣುತ್ತದೆ. ಆ ವರ್ಷ ಪ್ಯಾಕರ್ಸ್ 10 ಪಂದ್ಯ ಗೆದ್ದು, 3 ಸೋತು, 1 ಡ್ರಾ ಮಾಡಿತ್ತು. ಶಿಕಾಗೊ ಬೇರ್ಸ್ ಗೆದ್ದದ್ದು 6, ಸೋತದ್ದು 1, ಡ್ರಾ 6. ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ 6 ಗೆಲುವು, 1 ಸೋಲು, 4 ಡ್ರಾ. ಡ್ರಾ ಬಿಟ್ಟರೆ ಬೇರ್ಸ್ ಮತ್ತು ಸ್ಪಾರ್ಟನ್ಸ್ ಇಬ್ಬರದೂ ಏಳರಲ್ಲಿ ಆರು. ಹತ್ತು ಗೆದ್ದ ಪ್ಯಾಕರ್ಸ್ ಹಿಂದೆ ಬಿತ್ತು! ಸಮ ಮುರಿಯಲು ಹೆಚ್ಚುವರಿ ಪಂದ್ಯ ಆಡಿಸಿದರು. ಚಳಿ, ಹಿಮದ ಕಾರಣ ಅದು ಶಿಕಾಗೊ ಸ್ಟೇಡಿಯಂನ ಒಳಾಂಗಣದಲ್ಲಿ ನಡೆದು ಬೇರ್ಸ್ 9-0ಯಿಂದ ಗೆದ್ದಿತು. ಮರುವರ್ಷದಿಂದ ಫೈನಲ್ ಪದ್ಧತಿ ಬಂತು. ಈ ಒಂದು ಸಂಗತಿಯಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಆದರೆ 1925ನ್ನು ಮುಟ್ಟಬೇಡಿ: ದಾಖಲೆಯಲ್ಲಿ ಶಿಕಾಗೊ ಕಾರ್ಡಿನಲ್ಸ್ ಇದೆ, ಅಮಾನತಾದ ಪಾಟ್ಸ್‌ವಿಲ್ ಮರೂನ್ಸ್ ತಂಡದ ಪರ ವಾದ ಇವತ್ತಿಗೂ ನಿಂತಿಲ್ಲ.

ಎರಡನೆಯ ಗೆರೆಯ ಕೆಳಗೆ ಜನ ಹೆಚ್ಚಾಗಿ ತಪ್ಪುವುದು 1966ರಿಂದ 1969ರವರೆಗಿನ ನಾಲ್ಕು ಸೀಸನ್‌ಗಳಲ್ಲಿ. ಆಗ ಎನ್‌ಎಫ್‌ಎಲ್ ಮತ್ತು ಎಎಫ್‌ಎಲ್ ಎರಡು ಬೇರೆ ಲೀಗ್‌ಗಳು. ಎರಡರ ಚಾಂಪಿಯನ್ನರು ಕೊನೆಗೆ ಸೂಪರ್ ಬೌಲ್ ಎಂಬ ಪಂದ್ಯದಲ್ಲಿ ಎದುರಾಗುತ್ತಿದ್ದರು. 1970ರಲ್ಲಿ ಲೀಗ್‌ಗಳು ಒಂದಾದ ಮೇಲೆ ಅದೇ ಎನ್‌ಎಫ್‌ಎಲ್ ಫೈನಲ್ ಆಯಿತು. 1966, 1967ರಲ್ಲಿ ಪ್ಯಾಕರ್ಸ್ ಲೀಗನ್ನೂ ಗೆದ್ದಿತು, ಸೂಪರ್ ಬೌಲನ್ನೂ ಗೆದ್ದಿತು. ಒಂದು ಸೀಸನ್‌ಗೆ ಒಂದೇ ಗುರುತು ಹಾಕಿ, ಇಲ್ಲವಾದರೆ 13 ಹೋಗಿ 15 ಆಗುತ್ತದೆ. 1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್, 1969ರಲ್ಲಿ ಮಿನೆಸೋಟ ವೈಕಿಂಗ್ಸ್ ಎನ್‌ಎಫ್‌ಎಲ್ ಗೆದ್ದರೂ ಸೂಪರ್ ಬೌಲ್‌ನಲ್ಲಿ ಕ್ರಮವಾಗಿ ಎಎಫ್‌ಎಲ್‌ನ ನ್ಯೂಯಾರ್ಕ್ ಜೆಟ್ಸ್‌ಗೂ ಕಾನ್ಸಾಸ್ ಸಿಟಿ ಚೀಫ್ಸ್‌ಗೂ ಸೋತವು. ಅವೆರಡಕ್ಕೂ ಪೆನ್ಸಿಲ್ಲಿನಲ್ಲಿ ಮಾತ್ರ ಗುರುತು ಹಾಕಿ, ಒಟ್ಟು ಲೆಕ್ಕಕ್ಕೆ ಸೇರಿಸಬೇಡಿ.

ಇಷ್ಟು ಮಾಡಿ 2024ರ ಸೀಸನ್‌ವರೆಗೆ ಕೂಡಿಸಿದರೆ ಪ್ಯಾಕರ್ಸ್ 13, ಬೇರ್ಸ್ 9, ನ್ಯೂಯಾರ್ಕ್ ಜೈಂಟ್ಸ್ 8 ಬರಬೇಕು. ಬರದಿದ್ದರೆ ಮೊದಲು ಆ ನಾಲ್ಕು ಸೀಸನ್‌ಗಳನ್ನು ನೋಡಿ. ಸೂಪರ್ ಬೌಲ್ ಮಾತ್ರ ಎಣಿಸಿದರೆ ಚಿತ್ರವೇ ಬೇರೆ: ಪೇಟ್ರಿಯಟ್ಸ್, ಸ್ಟೀಲರ್ಸ್ ತಲಾ 6, ಡಲ್ಲಾಸ್ ಕೌಬಾಯ್ಸ್, ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಲಾ 5, ಪ್ಯಾಕರ್ಸ್, ಜೈಂಟ್ಸ್, ಚೀಫ್ಸ್ ತಲಾ 4. ಒಂಬತ್ತು ಸಲ ಚಾಂಪಿಯನ್ ಆದ ಬೇರ್ಸ್‌ಗೆ ಇಲ್ಲಿ ಸಿಗುವುದು 1985ರ ಸೀಸನ್ನಿನ ಒಂದೇ ಒಂದು. ಎರಡೆರಡು ಬಾರಿ ಸತತ ಮೂರು ವರ್ಷ ಚಾಂಪಿಯನ್ ಆದ ತಂಡ ಪ್ಯಾಕರ್ಸ್ ಒಂದೇ, 1929-31 ಮತ್ತು 1965-67. ನಮ್ಮ ದೃಷ್ಟಿಯಲ್ಲಿ 13ಕ್ಕಿಂತ ದೊಡ್ಡ ಸಾಧನೆ ಅದು.

ವರ್ಷದ ವಿಚಾರ. ಸೂಪರ್ ಬೌಲ್ ನಡೆಯುವುದು ಸೀಸನ್ ಶುರುವಾದ ಮರುವರ್ಷದಲ್ಲಿ, ಅದರ ಹೆಸರು ರೋಮನ್ ಅಂಕಿಯಲ್ಲಿ (50ನೆಯದು ಮಾತ್ರ ಮಾಮೂಲಿ ಅಂಕಿಯಲ್ಲಿ). ಸಂಖ್ಯೆಗೆ 1965 ಕೂಡಿಸಿದರೆ ಸೀಸನ್, 1966 ಕೂಡಿಸಿದರೆ ಪಂದ್ಯ ನಡೆದ ವರ್ಷ. 59ನೆಯದು 2024ರ ಸೀಸನ್ನಿನದು, ನಡೆದದ್ದು 2025ರ ಫೆಬ್ರವರಿಯಲ್ಲಿ. ಫಿಲಡೆಲ್ಫಿಯ ಈಗಲ್ಸ್ 40-22ರಿಂದ ಚೀಫ್ಸ್ ತಂಡವನ್ನು ಸೋಲಿಸಿತು. ಉತ್ತರದ ಹಾಳೆಯಲ್ಲಿ ಎರಡೂ ವರ್ಷ ಬರೆದಿಡಿ.

ಊರು ಬದಲಾದರೂ ದಾಖಲೆ ತಂಡದ ಹಿಂದೆಯೇ ಹೋಗುತ್ತದೆ. ಮೈಸೂರು ಹೆಸರಿನಲ್ಲಿ ಆಡಿದ ರಣಜಿ ತಂಡವೇ ಕರ್ನಾಟಕವಾದಂತೆ ಎಂದುಕೊಳ್ಳಿ. ರ‍್ಯಾಮ್ಸ್ 1945ರಲ್ಲಿ ಕ್ಲೀವ್‌ಲ್ಯಾಂಡ್, 1951ರಲ್ಲಿ ಲಾಸ್ ಏಂಜಲೀಸ್, 1999ರಲ್ಲಿ ಸೇಂಟ್ ಲೂಯಿಸ್, 2021ರಲ್ಲಿ ಮತ್ತೆ ಲಾಸ್ ಏಂಜಲೀಸ್‌ನಲ್ಲಿದ್ದುಕೊಂಡು ಗೆದ್ದಿತು, ಒಟ್ಟು 4. ಇದಕ್ಕೆ ಅಪವಾದ ಕ್ಲೀವ್‌ಲ್ಯಾಂಡ್ ಬ್ರೌನ್ಸ್. 1996ರಲ್ಲಿ ಆಟಗಾರರು ಬಾಲ್ಟಿಮೋರ್‌ಗೆ ಹೋಗಿ ರೇವನ್ಸ್ ಆದರು, ಹಳೆಯ ದಾಖಲೆ ಮಾತ್ರ ಕ್ಲೀವ್‌ಲ್ಯಾಂಡಿನಲ್ಲೇ ಉಳಿಯಿತು. ಬ್ರೌನ್ಸ್‌ನ ಎನ್‌ಎಫ್‌ಎಲ್ ಪ್ರಶಸ್ತಿ 4. ಅದಕ್ಕೂ ಮೊದಲು 1946-49ರಲ್ಲಿ ಗೆದ್ದ ನಾಲ್ಕು ಬೇರೆ ಲೀಗಿನವು.

ಈಗ ಪ್ರಶ್ನೆ ಬರೆಯಿರಿ. "1920ರಿಂದ 2024ರ ಸೀಸನ್‌ವರೆಗೆ, ಸೂಪರ್ ಬೌಲ್‌ಗಿಂತ ಹಿಂದಿನವೂ ಸೇರಿ, ಅತಿ ಹೆಚ್ಚು ಎನ್‌ಎಫ್‌ಎಲ್ ಪ್ರಶಸ್ತಿ ಯಾವ ತಂಡದ್ದು?" ಉದ್ದವಾಯಿತು ಎಂದು ಯಾವ ತುಂಡನ್ನೂ ಕತ್ತರಿಸಬೇಡಿ. ತಂಡದ ಲೆಕ್ಕಕ್ಕೂ ಆಟಗಾರರ ಲೆಕ್ಕಕ್ಕೂ ಗಂಟು ಹಾಕಬೇಡಿ: ಆಟಗಾರ ಟಾಮ್ ಬ್ರೇಡಿ ಗೆದ್ದ ಸೂಪರ್ ಬೌಲ್ 7, ಅದರಲ್ಲಿ ಪೇಟ್ರಿಯಟ್ಸ್‌ನದು 6, ಏಳನೆಯದು ಟ್ಯಾಂಪಾ ಬೇ ತಂಡದ್ದು.

ಫೆಸ್ಟ್ ಫೆಬ್ರವರಿಯ ನಂತರವಿದ್ದರೆ ಪಟ್ಟಿಯ ಕೊನೆಗೆ ಒಂದು ಸಾಲು ಖಾಲಿ ಬಿಡಿ. ಸೂಪರ್ ಬೌಲ್ ಶುರುವಾಗುವುದು ಅಮೆರಿಕದ ಪೂರ್ವ ಭಾಗದ ಸಮಯದಂತೆ ಭಾನುವಾರ ಸಂಜೆ ಆರೂವರೆಗೆ, ನಮಗೆ ಸೋಮವಾರ ಬೆಳಗಿನ ಜಾವ ಐದಕ್ಕೆ. ಕಾಲೇಜಿಗೆ ಬಸ್ಸು ಹತ್ತುವ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ. ಆ ಸಾಲು ತುಂಬಿಸಿ, ಪ್ರಶ್ನೆಯಲ್ಲಿರುವ 2024ನ್ನೂ ತಿದ್ದಿ.