ಬಾಡಿಗೆ ಮನೆಯ ವೈರಿಂಗ್: ಮನೆ ಖಾಲಿ ಇದ್ದಾಗ ನಾನು ಮಾಡಿಸುವ ತಪಾಸಣೆ

ಬಾಡಿಗೆದಾರರು ಮನೆ ಖಾಲಿ ಮಾಡಿದ ಮೇಲೆ ಬಣ್ಣದವರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಬರಬೇಕು ಅನ್ನುವುದು ನನ್ನ ಕ್ರಮ. ಸಾಮಾನಿಲ್ಲದ ಮನೆಯಲ್ಲಿ ಪ್ರತಿ ಪಾಯಿಂಟೂ ಕೈಗೆ ಸಿಗುತ್ತದೆ, ದಿನವಿಡೀ ಕರೆಂಟ್ ತೆಗೆದರೂ ಯಾರಿಗೂ ತೊಂದರೆಯಿಲ್ಲ. ಬಲ್ಬು, ಚಾರ್ಜರ್, ಮಿಕ್ಸಿ ಬಾಡಿಗೆದಾರರಿಗೆ ಸೇರಿದ್ದು. ಡಿಬಿಯಿಂದ (ಮನೆಯ ಎಲ್ಲ ಲೈನ್‌ಗಳೂ ಹೊರಡುವ ಸ್ವಿಚ್ ಪೆಟ್ಟಿಗೆ) ಸಾಕೆಟ್‌ವರೆಗಿನ ವೈರಿಂಗ್, ನಾವೇ ಕೂರಿಸಿಕೊಟ್ಟ ಗೀಸರ್, ಮೆಟ್ಟಿಲ ದೀಪ, ನೀರಿನ ಪಂಪು ನಮ್ಮದು. ಕರಾರಿನಲ್ಲಿ ಇದನ್ನು ಹೀಗೇ ಬರೆಸುತ್ತೇನೆ.

ಡಿಬಿ ಮುಚ್ಚಳ ತೆಗೆಸಿದಾಗ ಮೊದಲು ನೋಡುವುದು ಎಂಸಿಬಿಯ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಅಳತೆಗೂ ತಂತಿಯ ದಪ್ಪಕ್ಕೂ ಹೊಂದಿಕೆ ಇದೆಯೇ ಎಂದು. 1.5 ಚದರ ಮಿಮೀ ತಾಮ್ರದ ತಂತಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಅಥವಾ 25: ಇದು ನಾನು ಇಟ್ಟುಕೊಂಡ ಮಿತಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ 16 ತೆಗೆದು 32 ಹಾಕಿರುತ್ತಾರೆ. ಆಮೇಲೆ ಟ್ರಿಪ್ ಆಗುವುದಿಲ್ಲ ನಿಜ. ಬದಲಿಗೆ ಗೋಡೆಯೊಳಗಿನ ತಂತಿಯೇ ಬಿಸಿಯಾಗುತ್ತದೆ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಬೇರೆಯದೇ ಲೈನ್ ಬೇಕು. ಬಣ್ಣ ಮಾಸಿದ ಟರ್ಮಿನಲ್, ಕಂದುಬಣ್ಣಕ್ಕೆ ತಿರುಗಿದ ಸಾಕೆಟ್ ಕಂಡರೆ ಸ್ಕ್ರೂ ಬಿಗಿ ಮಾಡಿ ಬಿಡಬಾರದು. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಸಾಕೆಟ್ ಬದಲಿಸಬೇಕು.

ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಶಾಕ್‌ನಿಂದ ಕಾಪಾಡಲು ಬೇಕಾದದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಆಫ್ ಮಾಡುವ ಸಾಧನ. ಅದಕ್ಕೆ ಓವರ್‌ಲೋಡ್ ತಡೆಯುವ ಶಕ್ತಿಯಿಲ್ಲದ್ದರಿಂದ ಎರಡೂ ಇರಲೇಬೇಕು. ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಅರ್ಥಿಂಗ್ ಬಗ್ಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಆರ್‌ಸಿಸಿಬಿ ಟೆಸ್ಟರ್‌ನಿಂದ ಅದು ಬೀಳುವ ಸಮಯ ಅಳೆಸುತ್ತೇನೆ: 30 ಮಿಲಿಆಂಪಿಯರ್‌ಗೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು, 15ಕ್ಕೆ ಬೀಳಬಾರದು. ಹಳೆಯ ಮನೆಗೆ ಹೊಸದಾಗಿ ಆರ್‌ಸಿಸಿಬಿ ಹಾಕಿದ ಕೂಡಲೇ ಬೀಳತೊಡಗಿದರೆ ಸಾಧನವನ್ನು ಬೈಯಬೇಡಿ. ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಾಗಿದೆ, ಇಲ್ಲವೇ ಒಂದು ಸರ್ಕ್ಯೂಟ್‌ನ ಫೇಸ್ ಇನ್ನೊಂದರ ನ್ಯೂಟ್ರಲ್ ಹಿಡಿದು ಮರಳುತ್ತಿದೆ. ಅದನ್ನು ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಟ್ಟು ಹೋಗುವವರನ್ನು ನಾನು ಮತ್ತೆ ಕರೆಯುವುದಿಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಅರ್ಥಿಂಗ್. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಉರಿಸಿ 'ಅರ್ಥ್ ಚೆನ್ನಾಗಿದೆ' ಎನ್ನುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. 100 ವ್ಯಾಟ್ ಬಲ್ಬಿಗೆ ಬೇಕಾದದ್ದು ಅರ್ಧ ಆಂಪಿಯರ್‌ಗೂ ಕಡಿಮೆ. ಅರ್ಥ್ ದಾರಿಯಲ್ಲಿ 50 ಓಮ್ ತಡೆ ಇದ್ದರೂ ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ 20 ಆಂಪಿಯರ್‌ನ ಸಿ ಕರ್ವ್ (ತನ್ನ ಅಳತೆಯ ಹತ್ತು ಪಟ್ಟಿಗೆ ಖಚಿತವಾಗಿ ಬೀಳುವ ಬಗೆಯ) ಎಂಸಿಬಿ ತಕ್ಷಣ ಬೀಳಲೇಬೇಕೆಂದರೆ 200 ಆಂಪಿಯರ್ ಹರಿಯಬೇಕು. 230 ವೋಲ್ಟ್‌ನಲ್ಲಿ ಅಂದರೆ ಇಡೀ ಲೂಪ್‌ನ (ಫೇಸ್‌ನಲ್ಲಿ ಹೋಗಿ ಅರ್ಥ್‌ನಲ್ಲಿ ಮರಳುವ ದಾರಿಯ) ತಡೆ 1.15 ಓಮ್ ಮೀರಬಾರದು. ನೆಲದಲ್ಲಿ ಗುಂಡಿ ತೋಡಿ ಹೂತ ಅರ್ಥ್ ಒಂದನ್ನೇ ನಂಬಿದ ಮನೆಯಲ್ಲಿ ಇಷ್ಟು ಕಡಿಮೆ ಸಿಗುವುದು ಅಪರೂಪ, ಆದ್ದರಿಂದಲೇ ಅಲ್ಲಿ ಆರ್‌ಸಿಸಿಬಿ ಇಲ್ಲದೆ ನಡೆಯುವುದಿಲ್ಲ.

ಇದಕ್ಕಿಂತ ಕೆಟ್ಟದ್ದು, ಅರ್ಥ್ ತಂತಿಯೇ ಇಲ್ಲದ ಕಡೆ ಸಾಕೆಟ್ ಒಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿರುವುದು. ಮೂರು ದೀಪದ ಪ್ಲಗ್ ಟೆಸ್ಟರ್ ಇದಕ್ಕೂ 'ಸರಿ' ಎಂದೇ ತೋರಿಸುತ್ತದೆ. ಮುಂದೆ ಯಾವತ್ತೋ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಗೇ 230 ವೋಲ್ಟ್ ಬರುತ್ತದೆ. ಪತ್ತೆ ಮಾಡಲು ಮೇನ್ ಆಫ್ ಮಾಡಿ, ಆ ಸರ್ಕ್ಯೂಟ್‌ನ ನ್ಯೂಟ್ರಲ್ ಅನ್ನು ಡಿಬಿಯಲ್ಲಿ ಬಿಚ್ಚಿ, ಎಲ್ಲ ಪ್ಲಗ್ ಕಿತ್ತು, ಪ್ರತಿ ಸಾಕೆಟ್‌ನಲ್ಲೂ ನ್ಯೂಟ್ರಲ್ ತೂತಿಗೂ ಅರ್ಥ್ ತೂತಿಗೂ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಸಾಕೆಟ್‌ಗಳನ್ನು ಒಂದೊಂದಾಗಿ ಬಿಚ್ಚುವುದೇ ದಾರಿ.

ಅದೇ ಸ್ಥಿತಿಯಲ್ಲಿ, ಎಲೆಕ್ಟ್ರಾನಿಕ್ ಫಿಟ್ಟಿಂಗ್‌ಗಳನ್ನೂ ಬಿಚ್ಚಿ, ಫೇಸ್-ನ್ಯೂಟ್ರಲ್ ಒಟ್ಟಿಗೆ ಸೇರಿಸಿ ಅರ್ಥ್‌ಗೆ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆಯ ತಡೆ ಅಳೆಯುವ ಉಪಕರಣ) ಪರೀಕ್ಷೆ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಬಾಡಿಗೆಗೆ ಯೋಗ್ಯವಲ್ಲ. ಎರಡು-ಮೂರು ಮೆಗಾಓಮ್ ಬಂದರೂ ನಾನು ಒದ್ದೆ ಗೋಡೆ, ಹಳೆಯ ಜಂಕ್ಷನ್ ಬಾಕ್ಸ್ ಹುಡುಕಿಸುತ್ತೇನೆ.

ಇನ್ವರ್ಟರ್ ಇದ್ದರೆ ಡಿಬಿ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ: ಮೇನ್ ಆಫ್ ಮಾಡಿದರೂ ಕೆಲವು ತಂತಿಗಳಲ್ಲಿ ಕರೆಂಟ್ ಇರುತ್ತದೆ.

ಇಂಗ್ಲೆಂಡಿನಲ್ಲಿ 2020ರ ನಿಯಮದಂತೆ ಬಾಡಿಗೆ ಮನೆಗೆ ಕನಿಷ್ಠ 5 ವರ್ಷಕ್ಕೊಮ್ಮೆ ಅರ್ಹರಿಂದ ತಪಾಸಣೆ ಕಡ್ಡಾಯ. ಬಾಡಿಗೆದಾರರು ಬದಲಾಗದಿದ್ದರೂ ನಾನು ಆ ಅವಧಿ ದಾಟಿಸುವುದಿಲ್ಲ. ಅಳತೆಗಳು, ತಾರೀಕು, ಡಿಬಿಯ ಫೋಟೊ ಒಂದೇ ಹಾಳೆಯಲ್ಲಿ. ಒಂದು ಪ್ರತಿ ಬಾಡಿಗೆದಾರರಿಗೆ. ಕೀಲಿ ಕೊಡುವ ದಿನ ಮೇನ್ ಸ್ವಿಚ್ ತೋರಿಸಿ, ಆರ್‌ಸಿಸಿಬಿ ಬಟನ್ ಅವರ ಕೈಯಿಂದಲೇ ಒತ್ತಿಸುತ್ತೇನೆ, ಮೂರು ತಿಂಗಳಿಗೊಮ್ಮೆ ಒತ್ತಲು ಹೇಳುತ್ತೇನೆ. ನಲ್ಲಿ ಮುಟ್ಟಿದರೆ ಜುಮ್ಮೆನ್ನುವುದು, ಸ್ವಿಚ್ ಬಿಸಿಯಾಗುವುದು, ಸುಟ್ಟ ವಾಸನೆ: ಈ ಮೂರಕ್ಕೆ ರಾತ್ರಿಯಾದರೂ ಫೋನ್ ಮಾಡಿ, ಅದಕ್ಕೂ ಮೊದಲು ಮೇನ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ ಎಂದು ಆ ಹಾಳೆಯ ಮೇಲೇ ಬರೆದಿರುತ್ತದೆ.