ಬಿರುಕು ಬಿಟ್ಟ ಟ್ರೈಲರ್‌ಗೆ ತೇಪೆ ಹಾಕುವ ಮುನ್ನ

ಹೋದ ಮಳೆಗಾಲದಲ್ಲಿ ಪೀಣ್ಯದ ನಮ್ಮ ಶೆಡ್ಡಿಗೆ ಒಂದು 40 ಅಡಿ ಟ್ರೈಲರ್ ಬಂತು. ಸ್ಟೀಲ್ ಕಾಯಿಲ್ ಹೊರುವ ಗಾಡಿ. ಲಾಂಗ್ ಮೆಂಬರಿನ (ಗಾಡಿಯ ಉದ್ದಕ್ಕಿರುವ ಮುಖ್ಯ ಬೀಮ್) ಕೆಳಗಿನ ಫ್ಲೇಂಜಿಗೆ, ಅಂದರೆ ಬೀಮಿನ ಅಡಿಯ ಅಗಲ ಪಟ್ಟಿಗೆ, ಕಮಾನು ಪಟ್ಟೆಯನ್ನು ಹಿಡಿದಿಡುವ ಹ್ಯಾಂಗರ್ ಪಕ್ಕದಲ್ಲಿ, ಯಾರೋ ಚೌಕದ ಪ್ಲೇಟ್ ಇಟ್ಟು ನಾಲ್ಕೂ ಕಡೆ ದಪ್ಪಗೆ ವೆಲ್ಡ್ ಎಳೆದಿದ್ದರು. ಆ ಪ್ಲೇಟಿನ ಅಂಚಿಗೆ ಸರಿಯಾಗಿ ಹೊಸ ಬಿರುಕು. ತೇಪೆ ಹಾಕಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಇದು ಹೀಗೇಕಾಗುತ್ತದೆ ಅಂತ ಗೊತ್ತಾದರೆ ಅರ್ಧ ರಿಪೇರಿ ಕಲಿತ ಹಾಗೆ. ಮುಂದೆ ಹಾರ್ಸ್‌ಗೆ (ಟ್ರೈಲರ್ ಎಳೆಯುವ ಮುಂದಿನ ಲಾರಿ) ಸಿಕ್ಕಿಸುವ ಕಿಂಗ್ ಪಿನ್, ಹಿಂದೆ ಆಕ್ಸಲ್, ನಡುವೆ ಲೋಡ್. ಲೋಡ್ ಕೂತಾಗ ಬೀಮ್ ಕೆಳಕ್ಕೆ ಬಾಗಲು ನೋಡುತ್ತದೆ. ಆಗ ಮೇಲಿನ ಫ್ಲೇಂಜ್ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆಸಿಕೊಳ್ಳುತ್ತದೆ. ರಸ್ತೆಯ ಪ್ರತಿ ಹಂಪ್‌ಗೂ, ಪ್ರತಿ ಗುಂಡಿಗೂ ಈ ಎಳೆತ ಏರುತ್ತದೆ, ಇಳಿಯುತ್ತದೆ. ಆ ಕೆಳಗಿನ ಫ್ಲೇಂಜಿನ ಮೇಲೆ ಅಡ್ಡಕ್ಕೆ ವೆಲ್ಡ್ ಎಳೆದರೆ ಅಲ್ಲೊಂದು ಗೀರು ಹಾಕಿದಂತೆ. ಹಳೇ ಬಟ್ಟೆಗೆ ದಪ್ಪ ತೇಪೆ ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ ಅಲ್ವಾ, ಇದೂ ಹಾಗೆಯೇ.

ಯಾವುದನ್ನು ಮುಟ್ಟಲೇಬಾರದು

ಕಿಂಗ್ ಪಿನ್ ಸವೆದರೆ ವೆಲ್ಡ್ ತುಂಬಿಸಿ ಲೇತಿಗೆ ಹಾಕುವ ಕೆಲಸ ಬೇಡವೇ ಬೇಡ. 2 ಇಂಚಿನ ಹೊಸ ಪಿನ್ನಿನ ಕುತ್ತಿಗೆ 50.8 ಮಿ.ಮೀ. ಇರುತ್ತದೆ. ಅದು 49 ಮಿ.ಮೀ.ಗೆ ಇಳಿದರೆ ಬದಲಾಯಿಸಬೇಕು, ಅಷ್ಟೆ. ಇಡೀ ಟ್ರೈಲರ್ ಹಾರ್ಸ್‌ಗೆ ಅಂಟಿಕೊಂಡಿರುವುದು ಆ ಒಂದು ಪಿನ್ನಿನಿಂದ. ಆಕ್ಸಲ್ ಬೀಮ್ ಬಿರುಕು ಬಿಟ್ಟರೂ ಬದಲಿಸುವುದೇ ದಾರಿ. ಟೈರ್ ಇರುವ ರಿಮ್ಮಿಗೆ ಬೆಂಕಿ ತೋರಿಸಬೇಡಿ. ಒಳಗಿನ ಗಾಳಿ ಕಾದು ಟೈರ್ ಸಿಡಿದರೆ ಪಕ್ಕದಲ್ಲಿದ್ದವರು ಉಳಿಯುವುದು ಕಷ್ಟ. ಗಾಳಿ ಬಿಟ್ಟರೂ ಈ ಅಪಾಯ ಹೋಗುವುದಿಲ್ಲ, ಟೈರನ್ನೇ ಕಳಚಬೇಕು. ಎಣ್ಣೆ, ಕೆಮಿಕಲ್ ಹೊರುವ ಟ್ಯಾಂಕರ್ ಬಂದರೆ, ಒಳಗಿನ ಗ್ಯಾಸ್ ಪೂರ್ತಿ ತೆಗೆದು ಪರೀಕ್ಷೆ ಮಾಡಿಸುವ ವ್ಯವಸ್ಥೆ ಇರುವವರ ಹತ್ತಿರ ಕಳಿಸಿಬಿಡಿ.

ಮೊದಲು ಹುಡುಕಿ

ಬಿರುಕು ಹುಡುಕುವುದಕ್ಕೆ ಮೊದಲ ಸಾಮಾನು ನೀರು. ಆಯುಧಪೂಜೆಗೆ ಗಾಡಿ ತೊಳೆಯುವಾಗಲೇ ಎಷ್ಟೋ ಬಿರುಕು ನಮ್ಮ ಕಣ್ಣಿಗೆ ಬಿದ್ದಿವೆ. ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ ಇಳಿದಿದ್ದರೆ ಅನುಮಾನ ಪಡಿ. ಹ್ಯಾಂಗರ್ ಬುಡ, ಲ್ಯಾಂಡಿಂಗ್ ಲೆಗ್ (ಹಾರ್ಸ್ ಬಿಟ್ಟಾಗ ಟ್ರೈಲರಿನ ಮುಂಭಾಗ ಹೊರುವ ಕಾಲು) ಕೂರುವ ಜಾಗ, ಬೀಮಿನ ಎತ್ತರ ಕಡಿಮೆಯಾಗುವ ಕುತ್ತಿಗೆ ಭಾಗ, ಈ ಮೂರು ಕಡೆ ಜಾಸ್ತಿ ನೋಡಿ.

ಅನುಮಾನ ಬಂದ ಕಡೆ ಬಣ್ಣ ಕೆರೆದು ತಂತಿ ಬ್ರಷ್ ಹಾಕಿ. ಆಮೇಲೆ ಡೈ ಟೆಸ್ಟ್. ಇದರ ಮೂರು ಸ್ಪ್ರೇ ಡಬ್ಬಿಗಳ ಸೆಟ್ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಕೆಂಪು ಹೊಡೆದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಬಟ್ಟೆಗೆ ಕ್ಲೀನರ್ ಹಚ್ಚಿ ಒರೆಸಿ, ನೇರವಾಗಿ ಸ್ಪ್ರೇ ಮಾಡಿ ತೊಳೆಯಬೇಡಿ. ನಂತರ ಬಿಳಿ ತೆಳ್ಳಗೆ ಹೊಡೆಯಿರಿ. ಸುಣ್ಣ ಬಳಿದ ಗೋಡೆಯಂತೆ ಕಾಣುವ ಆ ಬಿಳಿಯ ಮೇಲೆ ನಿಧಾನವಾಗಿ ಒಂದು ಕೆಂಪು ಗೆರೆ ಮೂಡುತ್ತದೆ. ಬರಿಗಣ್ಣಿಗೆ 2 ಇಂಚು ಕಂಡ ಬಿರುಕು ಇಲ್ಲಿ 4 ಇಂಚು ಇರುವುದು ಉಂಟು. ಬಿರುಕಿನ ನಿಜವಾದ ತುದಿ ಸಿಗದೆ ಮಾಡಿದ ವೆಲ್ಡ್ ನಿಲ್ಲುವುದಿಲ್ಲ.

ಜೊತೆಗೆ ಡ್ರೈವರ್‌ನನ್ನು ಮಾತಾಡಿಸಿ. "ಅಣ್ಣ, ಏನು ಲೋಡ್, ಎಲ್ಲಿ ಇಟ್ಟಿದ್ರು, ಟೈರ್ ಒಂದೇ ಕಡೆ ಸವೀತಿದೆಯಾ?" ಅಂತ ಕೇಳಿ. ಭಾರವೆಲ್ಲ ಒಂದೇ ಜಾಗದಲ್ಲಿ ಕೂತಿತ್ತಾ, ಕಮಾನು ಪಟ್ಟೆ ಮುರಿದಿತ್ತಾ, ಅದರ ಕೀಲಿನ ಬುಷ್ ಸವೆದು ಹೋಗಿತ್ತಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ಕಾರಣ ಸರಿ ಮಾಡದೆ ಬಿರುಕು ಮಾತ್ರ ಮುಚ್ಚಿದರೆ ಮಾಲೀಕರ ದುಡ್ಡು ದಂಡ.

ಗಾಡಿ ಸಿದ್ಧ ಮಾಡುವುದು

ಲೋಡ್ ಇಳಿಸಿ, ಹಾರ್ಸ್ ಬಿಡಿಸಿ. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಎಬಿಎಸ್ ಇದ್ದರೆ ಅದರ ಕನೆಕ್ಟರ್ ಕಳಚಿ. ಗಾಳಿ ಪೈಪು, ವೈರುಗಳನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿ. ಕಮಾನು ಪಟ್ಟೆಗೆ ಒದ್ದೆ ಗೋಣಿಚೀಲ ಮುಚ್ಚಿ. ಅದರ ಮೇಲೆ ಬಿದ್ದ ಒಂದು ಕಿಡಿಯ ಗುರುತೇ ಮುಂದೆ ಪಟ್ಟೆ ಮುರಿಯಲು ಸಾಕು.

ಅರ್ಥ್ ಕ್ಲ್ಯಾಂಪ್ ವಿಷಯದಲ್ಲಿ ಹುಡುಗರು ಅವಸರ ಮಾಡುತ್ತಾರೆ. ಹಬ್ಬಿಗೋ ಆಕ್ಸಲ್‌ಗೋ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡುತ್ತದೆ. ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ, ಬಣ್ಣ ಕೆರೆದ ಕಬ್ಬಿಣಕ್ಕೆ ಹಾಕಬೇಕು.

ಈಗ ಟೇಪ್ ಹಿಡಿಯಿರಿ. ಕಿಂಗ್ ಪಿನ್ ನಡುವಿನಿಂದ ಮೊದಲ ಆಕ್ಸಲ್‌ನ ಎಡ ತುದಿಗೆ ಒಂದು ಅಳತೆ, ಬಲ ತುದಿಗೆ ಒಂದು. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಗಾಡಿ ಓರೆಯಾಗಿ ಓಡುತ್ತದೆ, ಟೈರ್ ತಿನ್ನುತ್ತದೆ. ಬೀಮಿನ ಉದ್ದಕ್ಕೆ ದಾರ ಕಟ್ಟಿ ಡೊಂಕು ನೋಡಿ. ಡೊಂಕಿದ್ದರೆ ವೆಲ್ಡಿಗೆ ಮುಂಚೆಯೇ ಹೈಡ್ರಾಲಿಕ್ ಜಾಕಿಯಿಂದ ನಿಧಾನವಾಗಿ ನೇರ ಮಾಡಿ. ಸಾಮಾನ್ಯ ಮೈಲ್ಡ್ ಸ್ಟೀಲ್ ಆದರೆ ಗ್ಯಾಸಿನಲ್ಲಿ ಮಂಕು ಕೆಂಪು ಬರುವಷ್ಟು ಕಾಯಿಸಬಹುದು. 650 ಡಿಗ್ರಿ ದಾಟಬಾರದು, ಬೇಗ ತಣಿಯಲಿ ಎಂದು ನೀರು ಎರಚಲೂಬಾರದು. ಹಗುರ ಮೈಯ ಹೊಸ ಟ್ರೈಲರ್‌ಗಳಲ್ಲಿ ಹೈ ಟೆನ್ಸೈಲ್, ಅಂದರೆ ಹೆಚ್ಚು ಬಲದ ಸ್ಟೀಲ್ ಇರುತ್ತದೆ. ಅದನ್ನು ಹಾಗೆ ಕಾಯಿಸಿದರೆ ಬಲವೇ ಹೋಗುತ್ತದೆ. ಯಾವ ಸ್ಟೀಲ್ ಎಂದು ಗಾಡಿ ಕಟ್ಟಿದವರನ್ನು ಕೇಳಿ ತಿಳಿದುಕೊಳ್ಳಿ.

ಬಿರುಕು ತೆಗೆದು ತುಂಬುವುದು

ಕೆಂಪು ಗೆರೆ ಮುಗಿದ ಜಾಗದಿಂದ ಸ್ವಲ್ಪ ಆಚೆಗೆ 6 ರಿಂದ 8 ಮಿ.ಮೀ. ತೂತು ಕೊರೆಯಿರಿ. ಗ್ರೈಂಡ್ ಮಾಡುವಾಗ ಬಿರುಕು ಮುಂದಕ್ಕೆ ಓಡದಂತೆ ಇದು ತಡೆಯುತ್ತದೆ. ಆಮೇಲೆ ಬಿರುಕನ್ನು ಸುಮಾರು 60 ಡಿಗ್ರಿಯ ವಿ ಆಕಾರದಲ್ಲಿ ಪೂರ್ತಿ ತೆಗೆಯಿರಿ. ಪೂರ್ತಿ ಎಂದರೆ ಬುಡದವರೆಗೆ. ತೆಗೆದಾಯಿತು ಅನಿಸಿದ ಮೇಲೆ ಮತ್ತೊಮ್ಮೆ ಡೈ ಹೊಡೆದು ನೋಡಿ. ಕೆಂಪು ಮೂಡದಿದ್ದರೆ ಬಣ್ಣವನ್ನು ಚೆನ್ನಾಗಿ ತೊಳೆದು ಒಣಗಿಸಿ.

ರಾಡಿನ ವಿಷಯಕ್ಕೆ ಬರೋಣ. ಗೇಟು, ಗ್ರಿಲ್ಲಿಗೆ ಬಳಸುವ ಇ6013 ರಾಡ್ ಇಲ್ಲಿ ಬೇಡ. ಛಾಸಿಗೆ ಲೋ ಹೈಡ್ರೋಜನ್ ರಾಡ್, ಅಂದರೆ ಇ7018. ಇದಕ್ಕೆ ತೇವ ಆಗದು. ತೇವದಿಂದ ಬಂದ ಹೈಡ್ರೋಜನ್ ವೆಲ್ಡಿನ ಒಳಗೆ ಸೇರಿಕೊಂಡು, ಮರುದಿನವೋ ಅದರ ಮರುದಿನವೋ ಒಳಗಿನಿಂದಲೇ ಸೀಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ಟನ್ನು ಶೆಡ್ಡಿನಲ್ಲಿ ಸುಮ್ನೆ ಇಟ್ಟರೆ ಆ ರಾಡ್ ಕೆಟ್ಟಿತು ಅಂತಲೇ ಲೆಕ್ಕ. ಓವನ್ನಿನಲ್ಲಿ 300 ರಿಂದ 350 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ಬಿಸಿಯಾಗಿಯೇ ಇಟ್ಟುಕೊಂಡು ಒಂದೊಂದೇ ತೆಗೆದು ಬಳಸಬೇಕು. ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ ಅದರಂತೆ ಮಾಡಿ. ಓವನ್ ಖರ್ಚು ಅನಿಸಬಹುದು, ಆದರೆ ಛಾಸಿ ಕೆಲಸ ಹಿಡಿಯುವ ಶೆಡ್ಡಿಗೆ ಅದು ಇರಲೇಬೇಕು ಎಂಬುದು ನನ್ನ ಗಟ್ಟಿ ಮಾತು.

ಡಿಸೆಂಬರ್ ಬೆಳಗ್ಗೆ ಬೀಮ್ ಮುಟ್ಟಿದರೆ ಕೈಗೆ ಇಬ್ಬನಿ ಅಂಟುತ್ತದೆ. ಟಾರ್ಚ್ ಆಡಿಸಿ ಆ ತೇವ ಓಡಿಸಿದ ಮೇಲೆಯೇ ಶುರು ಮಾಡಿ. ದಪ್ಪ ಫ್ಲೇಂಜಿಗೆ ಇನ್ನೂ ಹೆಚ್ಚು ಬಿಸಿ ಬೇಕು.

ಮೊದಲ ರನ್, ಅಂದರೆ ವೆಲ್ಡಿನ ಮೊದಲ ಪದರ, ಬುಡಕ್ಕೆ 3.15 ಮಿ.ಮೀ. ರಾಡಿನಲ್ಲಿ. ನಂತರ 4 ಮಿ.ಮೀ. ಪ್ರತಿ ರನ್ ಆದ ಮೇಲೆ ಕಿಟ್ಟ ಬಡಿದು, ಬ್ರಷ್ ಹಾಕಿ. ಬಿರುಕು ಫ್ಲೇಂಜಿನ ಅಂಚಿನವರೆಗೆ ಬಂದಿದ್ದರೆ ಅಂಚಿನಲ್ಲಿ ಅದೇ ದಪ್ಪದ ಚಿಕ್ಕ ತುಂಡು ಟ್ಯಾಕ್ ಮಾಡಿ (ಚುಕ್ಕೆ ವೆಲ್ಡಿನಲ್ಲಿ ತಾತ್ಕಾಲಿಕವಾಗಿ ಹಿಡಿಸಿ), ವೆಲ್ಡನ್ನು ಆ ತುಂಡಿನ ಮೇಲೆ ಮುಗಿಸಿ. ಆಮೇಲೆ ಕತ್ತರಿಸಿ ತೆಗೆಯಿರಿ. ವೆಲ್ಡ್ ಮುಗಿಯುವ ಜಾಗದಲ್ಲಿ ಯಾವಾಗಲೂ ಒಂದು ಕುಳಿ ಬೀಳುತ್ತದೆ, ಅದು ಬೀಮಿನ ಮೇಲೆ ಇರಬಾರದು. ಇನ್ನೊಂದು ಮೈಯಿಂದಲೂ ಬುಡ ಕೆರೆದು ತುಂಬಿ.

ಕೊನೆಗೆ ಫ್ಲೇಂಜಿನ ಮಟ್ಟಕ್ಕೆ ಗ್ರೈಂಡ್ ಮಾಡಿ. ಗ್ರೈಂಡಿಂಗ್ ಗೀರುಗಳು ಬೀಮಿನ ಉದ್ದಕ್ಕೆ ಇರಬೇಕು. ಅಡ್ಡ ಗೀರು ಬಿಟ್ಟರೆ ಮುಂದಿನ ಬಿರುಕಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಗಟ್ಟಿ ಮಾಡಲು ಮೇಲೊಂದು ಪ್ಲೇಟ್ ಬೇಕೇ ಬೇಕು ಎನ್ನುವ ಕಡೆ ಅದೇ ಜಾತಿಯ ಸ್ಟೀಲಿನಲ್ಲಿ ಎರಡೂ ತುದಿ ಚೂಪಾಗಿ ಕತ್ತರಿಸಿ. ಉದ್ದಕ್ಕೆ ವೆಲ್ಡ್ ಎಳೆಯಿರಿ, ತುದಿಯಲ್ಲಿ ಅಡ್ಡಕ್ಕೆ ಬೇಡ. ಗುಜರಿಯ ಯಾವುದೋ ಪ್ಲೇಟ್ ತಂದು ಹಾಕಬೇಡಿ.

ಕ್ರಾಸ್ ಮೆಂಬರ್ (ಎರಡು ಬೀಮುಗಳ ನಡುವಿನ ಅಡ್ಡ ತೊಲೆ), ಪಕ್ಕದ ಪಟ್ಟಿ, ಟ್ವಿಸ್ಟ್ ಲಾಕ್ ಬಾಕ್ಸ್ (ಕಂಟೇನರಿನ ಮೂಲೆಗಳನ್ನು ಹಿಡಿಯುವ ಲಾಕ್ ಕೂರುವ ಪೆಟ್ಟಿಗೆ) ಇವೆಲ್ಲ ಬಗ್ಗಿದ್ದರೆ ಕಷ್ಟವಿಲ್ಲ, ಕತ್ತರಿಸಿ ಹೊಸದು ಕೂರಿಸುವುದೇ ಸುಲಭ. ಟ್ವಿಸ್ಟ್ ಲಾಕ್ ಆದರೆ ನಾಲ್ಕು ಮೂಲೆಯ ಕರ್ಣ ಅಳತೆ ಸರಿ ಇದೆಯಾ ನೋಡಿ ಟ್ಯಾಕ್ ಮಾಡಿ. ಇಲ್ಲದಿದ್ದರೆ ವೈಟ್‌ಫೀಲ್ಡ್ ಡಿಪೋದಲ್ಲಿ ಕಂಟೇನರ್ ಕೂರುವುದಿಲ್ಲ. ಹಿಂದಿನ ಗಾರ್ಡ್, ಪಕ್ಕದ ಗಾರ್ಡ್ ಕಳಚಿದ್ದರೆ ಮರಳಿ ಹಾಕಲೇಬೇಕು. ಬೈಕ್ ಸವಾರರ ಜೀವ ಉಳಿಸುವುದು ಅವೇ. ಛಾಸಿ ನಂಬರ್ ಮೇಲೆ ಗ್ರೈಂಡರ್ ಓಡಿಸಬೇಡಿ. ಉದ್ದ ಹೆಚ್ಚಿಸಿ ಕೊಡಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂಥ ಬದಲಾವಣೆಗೆ ಅಡ್ಡ ಬರುತ್ತದೆ.

ವೆಲ್ಡ್ ಮುಗಿದ ಕೂಡಲೇ ಗಾಡಿ ಬಿಡಬೇಡಿ. ತಾನಾಗಿ ತಣಿಯಲಿ. ದಪ್ಪ ಫ್ಲೇಂಜ್ ಅಥವಾ ಹೈ ಟೆನ್ಸೈಲ್ ಆದರೆ 48 ಗಂಟೆ ಬಿಟ್ಟು ಮತ್ತೆ ಡೈ ಟೆಸ್ಟ್ ಮಾಡಿ. ಕಿಂಗ್ ಪಿನ್‌ನಿಂದ ಆಕ್ಸಲ್‌ಗೆ ಮತ್ತೊಮ್ಮೆ ಟೇಪ್ ಹಿಡಿಯಿರಿ. ಎಲ್ಲ ಸರಿ ಇದ್ದರೆ ಪ್ರೈಮರ್, ಮೇಲೆ ತಿಳಿ ಬೂದು ಬಣ್ಣ. ಆ ಕಾಯಿಲ್ ಗಾಡಿಗೂ ಹಾಗೇ ಮಾಡಿದೆವು. ಮಾಲೀಕರು "ಇದೊಂದು ಕಡೆ ಯಾಕೆ ಬೇರೆ ಬಣ್ಣ?" ಎಂದು ಕೇಳಿದರು. ತುಕ್ಕಿನ ಗೆರೆ ಎದ್ದರೆ ಕಪ್ಪು ಬಣ್ಣದ ಮೇಲೆ ಕಾಣುವುದಿಲ್ಲ, ತಿಳಿ ಬಣ್ಣದ ಮೇಲೆ ಡ್ರೈವರ್‌ಗೆ ದೂರದಿಂದಲೇ ಕಾಣುತ್ತದೆ ಎಂದೆ. ಅವರ ಡ್ರೈವರ್ ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಬಗ್ಗಿ ಆ ಜಾಗ ಒರೆಸಿ ನೋಡುತ್ತಾನೆ.