ಐನೂರು ಎಂಎಂ, ಎರಡು ಸೇರು ರಾಗಿ

ಕಳೆದ ಜನವರಿಯಲ್ಲಿ ಮೈಸೂರು ಹತ್ತಿರದ ಹದಿನಾರು ಅನ್ನೋ ಊರಿನ ಕೆರೆಯಲ್ಲಿ ತೆಗೆದ ಪಟ್ಟೆತಲೆ ಹೆಬ್ಬಾತಿನ ಫೋಟೊ ಈಗ ನಮ್ಮ ಮನೆ ಗೋಡೆ ಮೇಲಿದೆ. 20ಕ್ಕೆ 30 ಇಂಚಿನ ಪ್ರಿಂಟ್. ಹತ್ತಿರ ನಿಂತು ನೋಡಿದರೆ ತಲೆಯ ಕಪ್ಪು ಪಟ್ಟೆಯ ಅಂಚಿನಲ್ಲಿ ಪುಕ್ಕ ಎಳೆ ಎಳೆಯಾಗಿ ಕಾಣುತ್ತದೆ. ಕೊಕ್ಕಿನ ತುದಿಯಲ್ಲಿ ಬೀಳಲಿರುವ ಒಂದು ಹನಿ ನೀರು. ಲೆನ್ಸು ನಿಕಾನ್ 200-500 ಎಂಎಂ ಜೂಮ್, ಎಫ್ 5.6, ಅದೂ ಸೆಕೆಂಡ್ ಹ್ಯಾಂಡ್. ಬಾಡಿ, ಅಂದರೆ ಕ್ಯಾಮೆರಾ, ಹಳೇ ಡಿ7200. "ಜೂಮಲ್ಲಿ ಆಗಲ್ಲ ಕಣೋ, ಮಾರಿಬಿಟ್ಟು ಪ್ರೈಮ್ ತಗೋ" ಅಂತ (ಪ್ರೈಮ್ ಅಂದರೆ ಜೂಮ್ ಇಲ್ಲದ ಲೆನ್ಸು) ಎರಡು ವರ್ಷ ನನ್ನ ತಲೆ ತಿಂದ ಗೆಳೆಯ ಆ ಪ್ರಿಂಟಿನ ಮುಂದೆ ಸುಮಾರು ಹೊತ್ತು ನಿಂತಿದ್ದ. ಆಮೇಲೆ "ಎಷ್ಟಕ್ಕೆ ಬಿತ್ತು?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಹತ್ತಿರ 70-300 ಇತ್ತು. ಕುಕ್ಕರಹಳ್ಳಿ ಕೆರೆಗೆ ಅದು ಸಾಕಿತ್ತು, ರಂಗನತಿಟ್ಟಿಗೆ ಸಾಲಲಿಲ್ಲ. ಅದನ್ನು ಎಂಟು ಸಾವಿರಕ್ಕೆ ಮಾರಿದೆ. ಆಮೇಲೆ ಒಂದು 150-600 ಅನ್ನು ಮೂರು ವಾರಾಂತ್ಯ ಬಾಡಿಗೆಗೆ ತಂದೆ. ಎಲ್ಲಾ ಸೇರಿ ಏಳೆಂಟು ಸಾವಿರ ಹೋಯಿತು. ದುಡ್ಡು ದಂಡ ಅಂತ ಮನೆಯಲ್ಲಿ ಬೈದರು, ಆದರೆ ನನಗೆ ಅದು ದಂಡ ಅನ್ನಿಸಲಿಲ್ಲ. 600ರಲ್ಲಿ ಎಫ್ 6.3 ಆಗುತ್ತದೆ (ಈ ಸಂಖ್ಯೆ ಏರಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ), ನಾನು ಕೆರೆ ದಡದಲ್ಲಿರುವುದು ಬೆಳಗ್ಗೆ ಆರೂವರೆಗೆ. ಆ ಬೆಳಕಿನಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಸುಮ್ನೆ ಏರುತ್ತದೆ, ನನ್ನ ಬಾಡಿಯಲ್ಲಿ 1600 ದಾಟಿದರೆ ಪುಕ್ಕದ ಎಳೆ ಹೋಗುತ್ತದೆ. ಕೊನೆಯ ನೂರು ಎಂಎಂ ಬಿಟ್ಟು, ಎಲ್ಲಾ ಕಡೆ ಎಫ್ 5.6 ಇರುವುದನ್ನು ತೆಗೆದುಕೊಳ್ಳೋಣ ಅಂತ ಆಗ ತೀರ್ಮಾನಿಸಿದೆ. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸಿಕ್ಕಿತು, ಅರವತ್ತು ಸಾವಿರದ ಆಸುಪಾಸು. ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿದೆ. 500ರಲ್ಲಿ ಎದುರುಮನೆ ಇಟ್ಟಿಗೆ ಗೋಡೆಯ ನಾಲ್ಕು ಮೂಲೆಯನ್ನೂ ತೆಗೆದು ನೋಡಿದೆ. ಎಲ್ಲಾ ಸರಿ ಇತ್ತು.

ಆದರೂ ಮೊದಲ ಆರು ತಿಂಗಳು ಒಂದು ಫೋಟೊವೂ ನೆಟ್ಟಗೆ ಬರಲಿಲ್ಲ. ಹಿನ್ನೆಲೆಯ ಕೊಂಬೆಗಳೆಲ್ಲ ಎರಡೆರಡು ಗೆರೆ, ಮಿಂಚುಳ್ಳಿಯ ಕಣ್ಣು ಮಬ್ಬು. ಲೆನ್ಸೇ ಕೆಟ್ಟಿದೆ ಅಂತ ಒಂದು ಅಂಗಡಿಗೆ ಒಯ್ದೆ. ಒಳಗೆ ಕ್ಲೀನ್ ಮಾಡಬೇಕು ಅಂತ ಎರಡೂವರೆ ಸಾವಿರ ಇಸ್ಕೊಂಡರು. ವಾಪಸ್ ಬಂದಾಗಲೂ ಅದೇ ಮಬ್ಬು. ಒಂದು ದಿನ ಒರೆಸುವುದಕ್ಕೆ ಅಂತ ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಗಾಜು ಬಿಚ್ಚಿದ್ದೆ, ಹಾಗೇ ಒಂದು ಫೋಟೊ ತೆಗೆದೆ. ಕಣ್ಣು ಚಾಕುವಿನ ಹಾಗೆ ಬಂತು! 95 ಎಂಎಂ ಫಿಲ್ಟರ್, ಏಳುನೂರು ರೂಪಾಯಿಯ ಅಗ್ಗದ ಮಾಲು. ಅಂದಿನಿಂದ ಲೆನ್ಸಿನ ಮುಂದೆ ಹುಡ್ (ನೆರಳಿನ ಕೊಳವೆ) ಒಂದೇ.

ಎರಡನೇ ಪೆಟ್ಟು 1.4 ಟೆಲಿಕನ್ವರ್ಟರ್, ಲೆನ್ಸಿಗೂ ಬಾಡಿಗೂ ನಡುವೆ ಹಾಕಿ 1.4 ಪಟ್ಟು ಹಿಗ್ಗಿಸುವ ತುಂಡು. 700 ಸಿಗುತ್ತೆ ಅನ್ನೋ ಆಸೆ. ಎಫ್ 8 ಆಗಿಬಿಟ್ಟಿತು. ಡಿ7200ರಲ್ಲಿ ಎಫ್ 8ಕ್ಕೆ ನಡುವಿನ ಒಂದೇ ಫೋಕಸ್ ಪಾಯಿಂಟ್ ಕೆಲಸ ಮಾಡುವುದು. ಹಾರುವ ಹಕ್ಕಿಯ ಮೇಲೆ ಅದು ನಿಲ್ಲುವುದೇ ಇಲ್ಲ. ಎರಡೇ ತಿಂಗಳಲ್ಲಿ ಮಾರಿದೆ, ಐದು ಸಾವಿರ ಕೈಬಿಟ್ಟಿತು.

ಮೂರನೆಯದು ಗಾಳಿ. ಹದಿನಾರು ಕೆರೆಗೆ ಹತ್ತು ಗಂಟೆಗೆ ಹೋಗಿ ದೂರದ ಹೆಬ್ಬಾತಿನ ಹಿಂಡನ್ನು ನಾನೂರು ಸಲ ಹೊಡೆದಿದ್ದೆ. ಒಂದೂ ಶಾರ್ಪ್ ಇಲ್ಲ. ಬಿಸಿಲಿಗೆ ನೀರಿನ ಮೇಲಿನ ಗಾಳಿ ಕುದಿಯುತ್ತಿರುತ್ತದೆ, ಅದರ ಮುಂದೆ ಹತ್ತು ಲಕ್ಷದ ಪ್ರೈಮ್ ಕೂಡ ಏನೂ ಮಾಡುವುದಿಲ್ಲ. ಗೆಳೆಯರು ಜೂಮಿನ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ಈ ಗಾಳಿಯದು. ಈಗ ನಲವತ್ತು ಹೆಜ್ಜೆಗಿಂತ ದೂರದ ಹಕ್ಕಿಗೆ ಕ್ಯಾಮೆರಾ ಎತ್ತುವುದಿಲ್ಲ, ಒಂಬತ್ತರ ನಂತರ ಚೀಲ ಕಟ್ಟುತ್ತೇನೆ. ಕಾರಿನೊಳಗೆ ಬಿಸಿಯಾದ ಲೆನ್ಸನ್ನೂ ಅರ್ಧ ಗಂಟೆ ಹೊರಗಿಟ್ಟೇ ಶುರು ಮಾಡುವುದು, ಹುಡ್ಡಿನೊಳಗಿನ ಬಿಸಿ ಗಾಳಿಯೂ ಅದೇ ಕೆಲಸ ಮಾಡುತ್ತದೆ. ನಲವತ್ತು ಹೆಜ್ಜೆಗೆ ಹೆಬ್ಬಾತು ತಾನಾಗಿ ಬರುವ ಹಾಗೆ ಯಾವ ದಡದಲ್ಲಿ, ಹೇಗೆ ಕೂರುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಟ್ಟಿಸಿಕೊಂಡು ಹೋಗುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಇನ್ನು ರಾಗಿ. ಈ ಲೆನ್ಸು ಎರಡು ಕಿಲೋ ಮುನ್ನೂರು ಗ್ರಾಂ, ಅದನ್ನು ಕೂರಿಸುವ ಬಳೆ (ಕಾಲರ್) ಟ್ರೈಪಾಡಿನ ಮೇಲೆ ನಡುಗುತ್ತದೆ. ಅಮ್ಮ ನನ್ನ ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಲೆನ್ಸಿನ ಕೆಳಗೆ ಇಡುವುದಕ್ಕೆ ಚೀಲ ಹೊಲಿದುಕೊಟ್ಟರು. ಮೊದಲು ಅಕ್ಕಿ ತುಂಬಿದೆ, ಗಟ್ಟಿಯಾಯಿತು. ಮರಳು ಭಾರ. ರಾಗಿಯೇ ಸರಿ. ಕಾಳು ಸಣ್ಣದು, ಲೆನ್ಸು ಅರ್ಧ ಇಂಚು ಹೂತು ಕೂರುತ್ತದೆ, ಆದರೂ ಆಚೀಚೆ ತಿರುಗಿಸಬಹುದು. ಗದಗ ಕಡೆ ಮಾಗಡಿ ಕೆರೆಗೆ ಹೋದಾಗ ಖಾಲಿ ಚೀಲ ಒಯ್ದು ಅಲ್ಲೇ ಜೋಳ ತುಂಬಿದ್ದೆ. ಪರವಾಗಿಲ್ಲ, ಆದರೆ ಲೆನ್ಸು ಜಾರುತ್ತದೆ. ಒಮ್ಮೆ ಮಳೆಯಲ್ಲಿ ನೆನೆದ ಚೀಲವನ್ನು ಡಿಕ್ಕಿಯಲ್ಲೇ ಮರೆತೆ. ವಾರ ಬಿಟ್ಟು ತೆಗೆದರೆ ಹೊಲಿಗೆಯ ಸಂದಿನಿಂದ ಬಿಳೀ ಮೊಳಕೆ ಹೊರಗೆ ಬಂದಿತ್ತು. "ಅನ್ನ ಕಣೋ ಅದು" ಅಂತ ಅಮ್ಮ ಎರಡು ದಿನ ಮಾತಾಡಲಿಲ್ಲ. ಈಗ ಒಳಗೊಂದು ಪ್ಲಾಸ್ಟಿಕ್ ಕವರ್ ಇದೆ.

ಚೀಲದ ಮೇಲಿದ್ದಾಗ, ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ವೇಗವಾದರೆ ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್. ಎಫ್ 7.1 ನನಗೆ ಚೆನ್ನಾಗಿ ಬಂದಿದೆ, ಬೆಳಕಿಲ್ಲದಿದ್ದರೆ ಧೈರ್ಯವಾಗಿ 5.6. ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ಚೀಲ ಬೇಡ, ದೋಣಿಯ ಅಲುಗಾಟವೆಲ್ಲ ಲೆನ್ಸಿಗೆ ಬರುತ್ತದೆ. ಕೈಯಲ್ಲೇ ಹಿಡಿದು ವಿಆರ್ ಸ್ಪೋರ್ಟ್ ಮೋಡಿಗೆ ಹಾಕುತ್ತೇನೆ. ಜೂಮ್ ರಿಂಗು 200ರಿಂದ 500ಕ್ಕೆ ಹೋಗಲು ಕೈ ಎರಡು ಸಲ ಬದಲಿಸಬೇಕು, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಹಾಗಾಗಿ 350ರಲ್ಲಿ ಕಾಯುತ್ತೇನೆ. ಅಲ್ಲಿಂದ ಒಂದೇ ತಿರುವಿಗೆ 500.

ಕೂತ ಹಕ್ಕಿಯಲ್ಲಿ ಈಗ ನೂರಕ್ಕೆ ಅರವತ್ತು ಫ್ರೇಮ್ ಉಳಿಯುತ್ತವೆ. ನೀರಿಗೆ ಧುಮುಕುವ ರಿವರ್ ಟರ್ನ್ ಹಕ್ಕಿ ಮಾತ್ರ ಇನ್ನೂ ನೂರಕ್ಕೆ ಹತ್ತು. ಅದಕ್ಕೆ ಫೋಕಸ್ ಪಾಯಿಂಟ್ ಒಂಬತ್ತು ಇಡಬೇಕೋ ಇಪ್ಪತ್ತೊಂದು ಇಡಬೇಕೋ ಅಂತ ಈ ಬೇಸಿಗೆಯಲ್ಲಿ ದೋಣಿ ಹತ್ತಿ ನೋಡುವವನಿದ್ದೇನೆ. ಗೆಳೆಯನೂ ಬರುತ್ತೇನೆ ಅಂದಿದ್ದಾನೆ. ಹೋದ ವಾರ ಅವನೂ ಒಂದು 200-500 ತಗೊಂಡ.